"ಆ ದಿನ ವೇಸ್ಟ್ ಆಯ್ತು" ಅಂದ ಗಂಡ, "ಅದೊಂದೇ ದಿನ ಚೆನ್ನಾಗಿತ್ತು" ಅಂದ ಹೆಂಡತಿ

ಡಿಸೆಂಬರ್ ರಜೆ ಮುಗಿದು ಜನವರಿ ಬಂತು ಅಂದರೆ ಉಡುಪಿಯ ನನ್ನ ಕೌನ್ಸೆಲಿಂಗ್ ಕೋಣೆಗೆ ಒಂದೇ ಥರದ ಜೋಡಿಗಳು ಬರಲು ಶುರು. ಮದುವೆಯಾಗಿ ಮೂರೋ ನಾಲ್ಕೋ ವರ್ಷ ಆಗಿರುತ್ತದೆ. ಮನೆಯಲ್ಲಿ ದೊಡ್ಡ ಗಲಾಟೆ ಏನೂ ಇರುವುದಿಲ್ಲ. ಟೂರ್ ಹೋಗಿ ಬಂದಿರುತ್ತಾರೆ, ಬಂದ ಮೇಲೆ ಮಾತು ನಿಂತಿರುತ್ತದೆ. "ಅಷ್ಟು ದುಡ್ಡು ಹಾಕಿ ಹೋದದ್ದು ಮೇಡಂ, ಜಗಳ ಮಾಡಿಕೊಂಡು ಬಂದೆವು" ಅನ್ನುತ್ತಾರೆ. ಅಂಥ ಒಂದು ಜೋಡಿಯ ಕಥೆ ಇದು. ಇಬ್ಬರೂ ಒಪ್ಪಿದ್ದಾರೆ, ಗುರುತು ಸಿಗುವ ವಿವರಗಳನ್ನು ಬದಲಾಯಿಸಿದ್ದೇನೆ.

ಗಂಡ ಅಪ್ಪನ ಜೊತೆ ಹಾರ್ಡ್‌ವೇರ್ ಅಂಗಡಿ ನೋಡಿಕೊಳ್ಳುವವರು. ಹೆಂಡತಿಯ ತವರು ಮಂಗಳೂರು, ಬ್ಯಾಂಕಿನಲ್ಲಿ ಕೆಲಸ. ಮನೆಯಲ್ಲಿ ಅತ್ತೆ, ಮಾವ. ಟೂರಿನಿಂದ ಬಂದ ವಾರದಲ್ಲೇ ಆಕೆ ತವರಿಗೆ ಹೋಗಿ ಕೂತಿದ್ದರು.

ಅವರು ಹೋದದ್ದು ಅಂಡಮಾನಿನ ಹ್ಯಾವ್‌ಲಾಕ್ ದ್ವೀಪಕ್ಕೆ. 2018ರಲ್ಲಿ ಅದಕ್ಕೆ ಸ್ವರಾಜ್ ದ್ವೀಪ ಅಂತ ಹೆಸರಿಟ್ಟಿದ್ದಾರೆ. ಅಲ್ಲಿನ ರಾಧಾನಗರ ಬೀಚಿಗೆ ಬ್ಲೂ ಫ್ಲ್ಯಾಗ್ (ಸ್ವಚ್ಛ, ಸುರಕ್ಷಿತ ಬೀಚುಗಳಿಗೆ ಕೊಡುವ ಅಂತರರಾಷ್ಟ್ರೀಯ ಮನ್ನಣೆ) ಸಿಕ್ಕಿದ್ದು 2020ರಲ್ಲಿ, ನಮ್ಮ ಪಡುಬಿದ್ರಿಗೆ ಸಿಕ್ಕಿದಾಗಲೇ. ಕಡಲು ನೋಡಲು ಅಷ್ಟು ದೂರ ಯಾಕೆ ಹೋದಿರಿ, ಮಲ್ಪೆ ಇಲ್ವಾ ಅಂತ ಕೇಳಿದೆ. ಆಕೆ ಹೇಳಿದರು: "ಮಲ್ಪೆಯಲ್ಲಿ ಕೂತರೆ ಗುರುತಿನವರು ಒಬ್ಬರಾದರೂ ಸಿಗ್ತಾರೆ ಮೇಡಂ. 'ಎಂತ, ಇಬ್ಬರೇ ಬಂದದ್ದಾ? ಅತ್ತೆ ಬರಲಿಲ್ವಾ?' ಅಂತ ಕೇಳ್ತಾರೆ."

ಮೊದಲ ಎರಡು ಭೇಟಿಗಳು ದೂರುಗಳಲ್ಲೇ ಹೋದವು. ಮೂರನೆಯ ಸಲ ಇಬ್ಬರಿಗೂ ಒಂದೊಂದು ಚೀಟಿ ಕೊಟ್ಟೆ. ಟೂರಿನಲ್ಲಿ ಯಾವ ದಿನ ಚೆನ್ನಾಗಿತ್ತು, ಒಬ್ಬರದ್ದು ಇನ್ನೊಬ್ಬರು ನೋಡದೆ ಬರೆಯಿರಿ ಅಂದೆ. ಗಂಡ 'ಸ್ಕೂಬಾ ಮಾಡಿದ ದಿನ' ಅಂತ ಬರೆದರು. ಆಕೆ 'ಮೊದಲನೇ ದಿನ' ಅಂತ ಬರೆದಿದ್ದರು.

ಗಂಡನಿಗೆ ನಿಜವಾಗಿಯೂ ಆಶ್ಚರ್ಯ. "ಮೊದಲನೇ ದಿನ ನಾವು ಎಂತ ಮಾಡಲೇ ಇಲ್ಲ ಅಲ್ವಾ? ಅದು ವೇಸ್ಟ್ ಆದ ದಿನ ಮೇಡಂ." ಮೊಬೈಲಿನಲ್ಲಿ ಪಟ್ಟಿ ತೋರಿಸಿದರು. ದಿನಕ್ಕೊಂದು ಸಾಲು, ಗಂಟೆಗೊಂದು ಚೌಕ. ಎಲಿಫೆಂಟ್ ಬೀಚ್, ಸ್ಕೂಬಾ, ಕಾಲಾಪತ್ಥರ್, ನೀಲ್ ದ್ವೀಪ. ಮೊದಲ ಸಾಲು ಮಾತ್ರ ಖಾಲಿ. ದೋಣಿ ಎಷ್ಟು ಗಂಟೆಗೆ ಮುಟ್ಟುತ್ತದೋ ಗೊತ್ತಿಲ್ಲ ಅಂತ ಬಿಟ್ಟದ್ದಂತೆ.

ಆ ಖಾಲಿ ದಿನದಲ್ಲಿ ಏನಾಯ್ತು ಅಂತ ಆಕೆಯನ್ನು ಕೇಳಿದೆ. ಹೆಚ್ಚೇನೂ ಆಗಿರಲಿಲ್ಲ. ಮಧ್ಯಾಹ್ನ ಊಟ ಆದ ಮೇಲೆ ಗಂಡ ಕಾಟೇಜಿನ ಜಗಲಿಯಲ್ಲಿ ಚಾಪೆ ಹಾಕಿ ಮಲಗಿದರು, ಗೊರಕೆ ಹೊಡೆದರು. ಆಕೆ ಗೋಡೆಗೆ ಒರಗಿ ಕಾಲು ಚಾಚಿ ಕೂತರು. ಒಂದು ಲೋಟ ಚಾ ತರಿಸಿಕೊಂಡು ಬಿಸಿ ಇರುವಾಗಲೇ ಕುಡಿದು ಮುಗಿಸಿದರು. ಅವರು ಎದ್ದಾಗ ಕತ್ತಲೆ. "ಅಯ್ಯೋ, ಎಂಟು ಗಂಟೆ ಆಯ್ತಾ?" ಅಂತ ಗಾಬರಿಯಾಗಿ ಕೇಳಿದರಂತೆ. ಗಂಟೆ ಆರೂ ಆಗಿರಲಿಲ್ಲ. ಅಂಡಮಾನ್ ಇರುವುದು ನಮ್ಮೂರಿಗಿಂತ ಸುಮಾರು 18 ಡಿಗ್ರಿ ಪೂರ್ವಕ್ಕೆ, ಗಡಿಯಾರ ಮಾತ್ರ ನಮ್ಮದೇ, ಹಾಗಾಗಿ ಡಿಸೆಂಬರಿನಲ್ಲಿ ಅಲ್ಲಿ ಐದು ಗಂಟೆಗೆಲ್ಲ ಸೂರ್ಯ ಮುಳುಗುತ್ತಾನೆ. ಇಬ್ಬರೂ ನಕ್ಕು ನಕ್ಕು ಸುಸ್ತಾಗಿ, ಕತ್ತಲೆಯಲ್ಲೇ ಚಪ್ಪಲಿ ಕೈಯಲ್ಲಿ ಹಿಡಿದು ನೀರಿನ ಅಂಚಿಗೆ ಹೋಗಿ ಬಂದರು.

ಇಷ್ಟು ಹೇಳಿ ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಅಂದರು: "ಆ ದಿನ ನಾನು ಕೂತದ್ದನ್ನು ನೋಡಿ ಯಾರೂ 'ಎಂತ ಸುಮ್ನೆ ಕೂತಿದ್ದೀ' ಅಂತ ಕೇಳಲಿಲ್ಲ."

ಅತ್ತೆ ಕೆಟ್ಟವರಲ್ಲ, ಬೈಯುವವರೂ ಅಲ್ಲ. ಆದರೆ ಆ ಮನೆಯಲ್ಲಿ ಸೊಸೆ ಕೂತರೆ ಅದಕ್ಕೆ ಕಾರಣ ಬೇಕು. ತಲೆನೋವಾ, ಮುಟ್ಟಾ, ಜ್ವರವಾ? ಬ್ಯಾಂಕಿನಿಂದ ಬಂದು ಬ್ಯಾಗ್ ಇಡುವ ಮೊದಲೇ ಗ್ಯಾಸ್ ಹಚ್ಚಬೇಕು. ದ್ವೀಪದಲ್ಲೂ ಎರಡನೇ ದಿನದಿಂದ ಅದೇ ಶುರುವಾಯಿತು. ಬೆಳಿಗ್ಗೆ ಐದೂವರೆಗೆ ಗಂಡನ ಪಟ್ಟಿ ಎಬ್ಬಿಸಿತು, ಏಳು ಗಂಟೆಗೆ ಮನೆಯ ಫೋನ್. ಮೊದಲೆಲ್ಲ ಅಂಡಮಾನಿಗೆ ಹೋದರೆ ಸಿಗ್ನಲ್ ಸಿಗುವುದೇ ಕಷ್ಟ ಇತ್ತು. 2020ರಲ್ಲಿ ಚೆನ್ನೈಯಿಂದ ಸಮುದ್ರದ ತಳದಲ್ಲಿ ಕೇಬಲ್ ಎಳೆದ ಮೇಲೆ ಹ್ಯಾವ್‌ಲಾಕಿಗೂ ನೆಟ್ ಬಂದಿದೆ. ಒಣಗಿದ ಮೆಣಸು ಯಾವ ಡಬ್ಬದಲ್ಲಿ ಉಂಟು ಅಂತ ಅಲ್ಲಿಗೂ ಕೇಳಬಹುದು, ಕೇಳಿದರು.

ಗಂಡ ತಲೆ ಬಗ್ಗಿಸಿ ಹೇಳಿದ ಮಾತನ್ನೂ ಬರೆಯಬೇಕು. "ನಾನು ಅಷ್ಟು ನಿದ್ದೆ ಮಾಡಿದ್ದು ಯಾವಾಗ ಅಂತ ನೆನಪೇ ಇಲ್ಲ ಮೇಡಂ. ಆದರೆ ಎದ್ದಾಗ ನಾಚಿಕೆ ಆಯ್ತು." ಅವರ ಅಪ್ಪ ಹಗಲು ಮಲಗಿದ್ದನ್ನು ಅವರು ನೋಡಿಯೇ ಇಲ್ಲ. ಅವರಿಗೂ ಆ ದಿನ ಇಷ್ಟವಾಗಿತ್ತು. ಚೀಟಿಯಲ್ಲಿ ಬರೆಯಲು ಧೈರ್ಯ ಬರಲಿಲ್ಲ, ಅಷ್ಟೇ.

ನಾನು ಕೊಟ್ಟ ಸಲಹೆ ಸಣ್ಣದು. ಇನ್ನೊಂದು ಟೂರ್ ಬೇಡ ಅಂದೆ. ಭಾನುವಾರ ಊಟ ಆದ ಮೇಲೆ ಸಂಜೆ ಐದರವರೆಗೆ ಇಬ್ಬರಿಗೂ ಕೆಲಸ ಇಲ್ಲ, ಫೋನ್ ಇಲ್ಲ, ಹೊರಗೆ ಹೋಗುವ ಪ್ಲಾನೂ ಇಲ್ಲ. ಆವತ್ತಿನ ಚಾ ಗಂಡನದ್ದು. ಇದನ್ನು ಅಮ್ಮನಿಗೆ ಹೇಳುವವರು ಗಂಡ, ಹೆಂಡತಿ ಅಲ್ಲ. ಹೇಳುವ ಮಾತನ್ನೂ ಅಲ್ಲೇ ಕೂತು ಅಭ್ಯಾಸ ಮಾಡಿಸಿದೆ: "ಅಮ್ಮ, ಇವತ್ತು ಚಾ ನಾನು ಮಾಡ್ತೇನೆ. ಅವಳನ್ನು ಕರೆಯುವುದು ಬೇಡ, ನಾನೇ ಮಲಗಲು ಹೇಳಿದ್ದು."

ಗಂಡನೇ ಯಾಕೆ? ಸೊಸೆ ಹೇಳಿದರೆ ಅದು ಎದುರು ಮಾತಾಗುತ್ತದೆ, ಮಗ ಹೇಳಿದರೆ ಮನೆಯ ಮಾತಾಗುತ್ತದೆ. ಇದು ನ್ಯಾಯ ಅಂತ ನಾನು ಹೇಳುತ್ತಿಲ್ಲ, ನಮ್ಮ ಮನೆಗಳು ಇರುವುದು ಹಾಗೆ. ಆ ಮನೆಯಲ್ಲಿ ಹುಟ್ಟಿದವನಿಗೆ ಇರುವ ಬಲವನ್ನು ಅವನೇ ಬಳಸಬೇಕು. ಹೆಂಡತಿಗೆ "ನೀನೇ ಧೈರ್ಯ ಮಾಡಿ ಹೇಳು" ಅನ್ನುವ ಸಲಹೆ ಕೇಳಲು ಚೆಂದ, ಪೆಟ್ಟು ತಿನ್ನುವವಳು ಅವಳು.

ಅವರ ಕಡೆಯ ಹಿರಿಯರೊಬ್ಬರು ಫೋನ್ ಮಾಡಿ, "ನೀವು ಮನೆ ಒಡೀಲಿಕ್ಕೆ ಹೇಳಿಕೊಡ್ತೀರಂತೆ" ಅಂದರು. ಬೇರೆ ಮನೆ ಮಾಡಿ ಅಂತ ನಾನು ಹೇಳಿಲ್ಲ. ಅತ್ತೆಯ ಜೊತೆಗೇ ಇರಬೇಕು ಅಂತ ಆ ಹುಡುಗಿಗೂ ಆಸೆ ಇದೆ, ತವರಿನಿಂದ ವಾಪಸ್ ಬಂದಿದ್ದಾರೆ. ವಾರಕ್ಕೆ ಎರಡು ಗಂಟೆ ಕೂತರೆ ಒಡೆಯುವ ಮನೆ ಅದಲ್ಲ ಅಂತ ಅವರಿಗೂ ಹೇಳಿದೆ. ಹಾಂ, ಹೊಡೆತ ಬಡಿತ, ಬೆದರಿಕೆ ಇರುವ ಮನೆಗೆ ಈ ಸಲಹೆ ಅಲ್ಲವೇ ಅಲ್ಲ. ಅಲ್ಲಿ ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿ, ಚಾಪೆ ಹಾಸುವ ವಿಷಯ ಆಮೇಲೆ.

ಮೊದಲ ಭಾನುವಾರ ಅತ್ತೆ ಮುನಿಸಿಕೊಂಡರು, ಮಗ ಮಾಡಿದ ಚಾ ಮುಟ್ಟಲಿಲ್ಲ. ಆಮೇಲೆ ಸಕ್ಕರೆ ಜಾಸ್ತಿ ಆಯ್ತು ಅಂತ ಹೇಳುತ್ತಾ ಕುಡಿಯುತ್ತಿದ್ದಾರೆ. ಮಾವ ಭಾನುವಾರ ಮಧ್ಯಾಹ್ನವೂ ಅಂಗಡಿ ತೆರೆದಿಡುವುದರಿಂದ ನಡುವೆ ಕೆಲವು ವಾರ ತಪ್ಪಿದೆ. ಅಪ್ಪನ ಹತ್ತಿರ ಅದನ್ನು ಹೇಗೆ ಹೇಳುವುದು ಅನ್ನುವುದೇ ಮುಂದಿನ ಭೇಟಿಯ ವಿಷಯ.