22212ರ ಕೊನೆಯ ಅಕ್ಷರ

ಸಾವಿರದೆಂಟುನೂರು ಬಗೆಯ ಬಿಡಿಭಾಗಗಳಿರುವ ನಿಮ್ಮ ಕಾರ್ಖಾನೆಯ ಸ್ಟೋರಿಗೆ ಯಾವ ಸಾಫ್ಟ್‌ವೇರ್ ಕೊಳ್ಳಬೇಕು, ಮಾಲೀಕರು ಹೇಳಿದಂತೆ ದಾಸ್ತಾನಿನ ಬೆಲೆಯನ್ನು ಮೂರನೇ ಒಂದು ಭಾಗ ಇಳಿಸುವುದು ಹೇಗೆ ಎಂದು ಕೇಳಿದ್ದೀರಿ. ಕೆಲವು ವರ್ಷಗಳ ಹಿಂದೆ ದಾವಣಗೆರೆಯ ಹೊರವಲಯದ ಒಂದು ಮೆಕ್ಕೆಜೋಳದ ಗ್ರಿಟ್ಸ್ (ತರಿ) ಕಾರ್ಖಾನೆಗೆ ನಾನು ನಿರ್ವಹಣಾ ವಿಭಾಗದ ಹೊಣೆ ಹೊತ್ತು ಸೇರಿದಾಗ ನನ್ನ ಮುಂದೆ ಇದ್ದದ್ದೂ ಇವೇ ಎರಡು ಪ್ರಶ್ನೆಗಳು. ಎರಡಕ್ಕೂ ನಾನು ಬಲು ಚುರುಕಾಗಿ ಉತ್ತರ ಕಂಡುಕೊಂಡೆ. ಅದರ ಫಲವನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಸ್ಟೋರಿನಲ್ಲಿ ಕೆಂಪು ಬಟ್ಟೆಯ ರಟ್ಟಿನ ಮೂರು ಲೆಡ್ಜರುಗಳಿದ್ದವು. ಒಂದೇ ವಸ್ತು ನಾಲ್ಕು ಹೆಸರಿನಲ್ಲಿ, ನಾಲ್ಕು ಕೈಬರಹಗಳಲ್ಲಿ ಅಲ್ಲಲ್ಲಿ ನಮೂದಾಗಿತ್ತು. ಅದನ್ನೆಲ್ಲ ಕಂಪ್ಯೂಟರಿಗೆ ಏರಿಸುವಾಗ, ಹೊಸದಾಗಿ ಕೊಂಡ ಸಾಫ್ಟ್‌ವೇರಿನಲ್ಲಿ ವಸ್ತುವಿನ ಹೆಸರಿಗೆ ಇಪ್ಪತ್ತೇ ಅಕ್ಷರಗಳ ಜಾಗವಿದ್ದುದರಿಂದ, ನಾನು ಹೆಸರುಗಳನ್ನು ಮೊಟಕುಗೊಳಿಸಿದೆ. ಮೊಟಕಾದ ಮೇಲೆ ಒಂದೇ ರೀತಿ ಕಂಡ ಸಾಲುಗಳನ್ನು ಪುನರಾವರ್ತನೆ ಎಂದು ತಿಳಿದು ಕೂಡಿಸಿಬಿಟ್ಟೆ. ಎರಡು ಸಾವಿರದಷ್ಟಿದ್ದ ಸಾಲುಗಳು ಸಾವಿರದ ನಾನೂರಕ್ಕೆ ಇಳಿದವು. ಮ್ಯಾನೇಜರು ಪಟ್ಟಿಯನ್ನು ನೋಡಿ ಬೆನ್ನು ತಟ್ಟಿದರು. ಒಂದೇ ಒಂದು ವಸ್ತುವನ್ನೂ ಕೈಯಲ್ಲಿ ಹಿಡಿದು ನೋಡದೆ, ಕುರ್ಚಿಯಲ್ಲಿ ಕುಳಿತೇ ನಾನು ಆ ಕೆಲಸವನ್ನು ಮುಗಿಸಿದ್ದೆ.

ಹಾಗೆ ಕೂಡಿಸಿದ ಸಾಲುಗಳಲ್ಲಿ ಒಂದು, ತಿರುಗುವ ಶಾಫ್ಟನ್ನು ಹೊತ್ತು ನಿಲ್ಲುವ 22212 ಎಂಬ ಸಂಖ್ಯೆಯ ಬೇರಿಂಗಿನದು. ಲೆಡ್ಜರಿನಲ್ಲಿ ಒಂದು ಪುಟದಲ್ಲಿ 22212 ಎಂದೂ ಇನ್ನೊಂದರಲ್ಲಿ 22212 ಕೆ ಎಂದೂ ಇತ್ತು. ಎರಡರ ಹೊರ ಅಳತೆ 110 ಮಿಲಿಮೀಟರ್, ಅಗಲ 28 ಮಿಲಿಮೀಟರ್. ಪೆಟ್ಟಿಗೆಯೂ ಒಂದೇ ಬಗೆಯದು. ವ್ಯತ್ಯಾಸವಿರುವುದು ಒಳಗಿನ ರಂಧ್ರದಲ್ಲಿ. ಮೊದಲನೆಯದರ ರಂಧ್ರ 60 ಮಿಲಿಮೀಟರಿನದಾಗಿ ನೇರವಾಗಿರುತ್ತದೆ, ಅದು ನೇರವಾಗಿ ಶಾಫ್ಟಿನ ಮೇಲೆ ಕೂರುತ್ತದೆ. ಕೆ ಎಂಬುದರ ರಂಧ್ರ ಹನ್ನೆರಡಕ್ಕೆ ಒಂದರಂತೆ ಇಳಿಜಾರಾಗಿರುತ್ತದೆ; ಅದು ಶಾಫ್ಟಿಗೆ ತೊಡಿಸುವ ಎಚ್ 312 ಎಂಬ ಸ್ಲೀವಿನ (ಇಳಿಜಾರು ಕೊಳವೆಯ) ಮೇಲೆ ಕೂತು, ನಟ್ಟು ಬಿಗಿದಾಗ 55 ಮಿಲಿಮೀಟರಿನ ಶಾಫ್ಟನ್ನು ಹಿಡಿದುಕೊಳ್ಳುತ್ತದೆ. ನಮ್ಮಲ್ಲಿ ನೇರ ರಂಧ್ರದವು ಕಾಳು ಪುಡಿಮಾಡುವ ಹ್ಯಾಮರ್ ಮಿಲ್ಲಿಗೆ, ಕೆ ಬಗೆಯವು ಕಾಳನ್ನು ಮೇಲಕ್ಕೆ ಸಾಗಿಸುವ ಎಲಿವೇಟರಿನ ಮೇಲ್ತುದಿಯ ಶಾಫ್ಟಿಗೆ ಎಂದು ತಲಾ ಎರಡೆರಡು ಇದ್ದವು. ನನ್ನ ಪಟ್ಟಿಯಲ್ಲಿ ಅವು '22212, ನಾಲ್ಕು' ಎಂದಾದವು. ದಾಸ್ತಾನು ಎರಡಕ್ಕಿಂತ ಕೆಳಗಿಳಿದರೆ ಇಂಡೆಂಟ್ (ಖರೀದಿಯ ಬೇಡಿಕೆ) ಏಳಬೇಕು ಎಂದು ನಾನೇ ನಿಗದಿ ಮಾಡಿದೆ. ಬೇಸಿಗೆಯಲ್ಲಿ ಎಲಿವೇಟರಿಗೆ ಎರಡು ಕೆ ಬೇರಿಂಗುಗಳು ಖರ್ಚಾದವು. ಪಟ್ಟಿ ಇನ್ನೂ ಎರಡನ್ನು ತೋರಿಸುತ್ತಿದ್ದುದರಿಂದ ಇಂಡೆಂಟ್ ಏಳಲಿಲ್ಲ, ಯಾರೂ ಕೇಳಲೂ ಇಲ್ಲ. ಆರು ತಿಂಗಳು ನಮ್ಮ ಸ್ಟೋರಿನಲ್ಲಿ ಆ ಶಾಫ್ಟಿಗೆ ಬೇರಿಂಗೇ ಇರಲಿಲ್ಲ, ಮತ್ತು ಆ ಸಂಗತಿ ಕಾರ್ಖಾನೆಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ನವೆಂಬರಿನಲ್ಲಿ, ರೈತರು ರಸ್ತೆಬದಿಯಲ್ಲೆಲ್ಲ ಮೆಕ್ಕೆಜೋಳ ಹರವಿ ಒಣಗಿಸುವ ಕಾಲದಲ್ಲಿ, ರಾತ್ರಿ ಹನ್ನೊಂದರ ಹೊತ್ತಿಗೆ ಎಲಿವೇಟರಿನ ಮೇಲಿನ ಬೇರಿಂಗ್ ಸಿಡಿಯಿತು. ಕಂಪ್ಯೂಟರಿನಲ್ಲಿ ಎರಡು ಇವೆ ಎಂದು ನೋಡಿಕೊಂಡು, ಎರಡು ಗಂಟೆಯ ಕೆಲಸ ಎಂದು ಶಿಫ್ಟಿನವರಿಗೆ ಧೈರ್ಯ ಹೇಳಿ, ಹಿರಿಯ ಫಿಟ್ಟರರೊಂದಿಗೆ ನಾನೂ ಮೇಲಕ್ಕೆ ಹತ್ತಿದೆ. ಅವರು ಪೆಟ್ಟಿಗೆ ಒಡೆದು, ಎಣ್ಣೆಕಾಗದ ಬಿಚ್ಚಿ, ಬೇರಿಂಗನ್ನು ಸ್ಲೀವಿನ ಮೇಲೆ ಸರಿಸಿದರು. ಅದು ಒಂದೇ ಅಂಚಿಗೆ ತಾಗಿ, ಸಡಿಲವಾದ ಬಳೆಯಂತೆ ತೂಗಾಡಿತು. ಟಾರ್ಚನ್ನು ಅದರ ಅಂಚಿನ ಬರಹಕ್ಕೆ ಹಿಡಿದು, "ಸರ್, ಇದು ಕೆ ಅಲ್ಲ, ಪ್ಲೇನ್ ಐತಿ. ನಮ್ಮ ಶಾಫ್ಟಿಗೆ ಬರಲ್ಲ" ಎಂದರು. ನಾನು ಇನ್ನೊಂದು ಪೆಟ್ಟಿಗೆಯನ್ನು ತರಿಸಿದೆ. ಅದೂ ಅದೇ.

ಬೆಳಿಗ್ಗೆ ದಾವಣಗೆರೆಯ ಅಂಗಡಿಗಳು ತೆರೆದ ಮೇಲೆ ವಿಚಾರಿಸಿದರೆ ಅಂದು ಸಿಕ್ಕಿದ್ದೆಲ್ಲ ನೇರ ರಂಧ್ರದವೇ. ಕಡೆಗೆ ಹುಬ್ಬಳ್ಳಿಗೆ ಹುಡುಗನನ್ನು ಕಳುಹಿಸಿ ತರಿಸಬೇಕಾಯಿತು. ಒಟ್ಟು ಹತ್ತೊಂಬತ್ತು ಗಂಟೆ ನಿಂತೆವು. ಬೇರೆ ಕಾರ್ಖಾನೆಯಾಗಿದ್ದರೆ ಉತ್ಪಾದನೆಯ ನಷ್ಟವಷ್ಟೇ ಆಗುತ್ತಿತ್ತು. ನಮ್ಮಲ್ಲಿ ಆ ಎಲಿವೇಟರ್ ಡ್ರೈಯರಿಗೆ ಕಾಳು ಏರಿಸುವಂಥದ್ದು. ಹಸಿ ಕಾಳು ರಾಶಿಯಲ್ಲೇ ಉಳಿದರೆ ಒಳಗೊಳಗೇ ಬಿಸಿಯಾಗುತ್ತದೆ, ಬೂಷ್ಟು ಹಿಡಿಯುತ್ತದೆ, ಆ ಬೂಷ್ಟಿನಿಂದ ಅಫ್ಲಟಾಕ್ಸಿನ್ ಎಂಬ ವಿಷ ಉಂಟಾಗುತ್ತದೆ. ಒಮ್ಮೆ ಉಂಟಾದದ್ದು ಆಮೇಲೆ ಎಷ್ಟು ಒಣಗಿಸಿದರೂ ಹೋಗುವುದಿಲ್ಲ. ರಾಶಿಯೊಳಗೆ ಕೈ ಹಾಕಿದಾಗ ಮೊಣಕೈವರೆಗೆ ಬೆಚ್ಚಗಾದದ್ದು ನನಗೆ ಈಗಲೂ ನೆನಪಿದೆ. ಎರಡು ಲಾರಿ ಲೋಡನ್ನು ಆಹಾರಕ್ಕೆ ಬಳಸದೆ ಬೇರೆ ಇಟ್ಟೆವು.

ಆ ವಾರವೇ ನಾನು ಕೂಡಿಸಿದ್ದ ಸಾಲುಗಳನ್ನು ಒಂದೊಂದಾಗಿ ಬಿಡಿಸತೊಡಗಿದಾಗ ಇನ್ನೂ ಕೆಟ್ಟದ್ದೊಂದು ಸಿಕ್ಕಿತು. 'ಗ್ರೀಸ್, ಕೆ.ಜಿ.' ಎಂಬ ಒಂದೇ ಸಾಲಿನಡಿ ಮೋಟಾರುಗಳಿಗೆ ಹಾಕುವ ಸಾಮಾನ್ಯ ಲಿಥಿಯಂ ಗ್ರೀಸೂ, ಆಹಾರಕ್ಕೆ ಆಕಸ್ಮಿಕವಾಗಿ ತಗಲುವ ಜಾಗಗಳಲ್ಲಿ ಬಳಸಬಹುದಾದ ಎಚ್1 ದರ್ಜೆಯ ಗ್ರೀಸೂ ಸೇರಿಕೊಂಡಿದ್ದವು. ಜರಡಿಯ ಪಕ್ಕದಲ್ಲಿ ತೆರೆದಿಟ್ಟ ಡಬ್ಬಿ ಲಿಥಿಯಂನದಾಗಿತ್ತು. ಎಂದಿನಿಂದ ಎಂಬುದನ್ನು ಯಾರೂ ಹೇಳಲಾರದಾದರು. ಆ ಬೇರಿಂಗುಗಳನ್ನೆಲ್ಲ ಬಿಚ್ಚಿ ತೊಳೆದು, ಗೋದಾಮಿನಲ್ಲಿದ್ದ ಮಾಲನ್ನು ತಡೆಹಿಡಿದೆವು.

ಆದ್ದರಿಂದ ನಿಮ್ಮ ಮೊದಲ ಪ್ರಶ್ನೆಯನ್ನು ನಾನು ಒಪ್ಪುವುದಿಲ್ಲ. ಈಗ ನಿಮಗೆ ಬೇಕಿರುವುದು ಸಾಫ್ಟ್‌ವೇರ್ ಅಲ್ಲ. ಒಂದು ವರ್ನಿಯರ್ ಕ್ಯಾಲಿಪರ್, ನಿಮ್ಮ ಅತ್ಯಂತ ಹಳೆಯ ಫಿಟ್ಟರ್ ಮತ್ತು ಕೆಲವು ಭಾನುವಾರಗಳು. ಪ್ರತಿ ವಸ್ತುವನ್ನು ಪೆಟ್ಟಿಗೆಯಿಂದ ಹೊರತೆಗೆದು, ಅದರ ಮೇಲೆ ಕೆತ್ತಿರುವುದನ್ನು ಒಂದಕ್ಷರ ಬಿಡದೆ ಬರೆದು, ಪಕ್ಕದಲ್ಲಿ ಅದು ಯಾವ ಯಂತ್ರದ ಯಾವ ಜಾಗಕ್ಕೆ ಎಂಬುದನ್ನೂ ಬರೆಯಿರಿ. ಜಾಗ ಹೇಳಲಾಗದ ವಸ್ತುಗಳನ್ನು ಬೇರೆ ಮೂಲೆಗೆ ಸರಿಸಿ. ನಮ್ಮಲ್ಲಿ ಎಂದೋ ಗುಜರಿಗೆ ಹೋದ ಪ್ಯಾಕಿಂಗ್ ಯಂತ್ರವೊಂದರ ಭಾಗಗಳೇ ಎರಡು ಕಪಾಟು ತುಂಬಿದ್ದವು. ಮಾಲೀಕರು ಕೇಳಿದ ಉಳಿತಾಯ ಅಂಥ ಮೂಲೆಯಿಂದ ಬರಬೇಕೇ ಹೊರತು ಎಲ್ಲದರಿಂದ ಮೂರನೇ ಒಂದು ಭಾಗ ಕತ್ತರಿಸುವುದರಿಂದ ಅಲ್ಲ. ಬೆಲೆಯ ಲೆಕ್ಕದಲ್ಲಿ ಎ, ಬಿ, ಸಿ ಎಂದು ವಿಂಗಡಿಸುವ ಪದ್ಧತಿ ಖರೀದಿ ವಿಭಾಗಕ್ಕೆ ಒಪ್ಪುತ್ತದೆ, ಫಿಟ್ಟರಿಗೆ ಅದರಿಂದ ಉಪಯೋಗವಿಲ್ಲ.

ಎಣಿಸುವಾಗಲೂ ಎಚ್ಚರವಿರಲಿ. ನಾಲ್ಕು ಬೆಲ್ಟು ಕೂರುವ ನಾಲ್ಕು ತೋಡಿನ ಪುಲ್ಲಿಗೆ ಹಳೆಯ ಮತ್ತು ಹೊಸ ವಿ-ಬೆಲ್ಟುಗಳನ್ನು ಬೆರೆಸಿ ಹಾಕಿದರೆ ಹೊಸದರ ಮೇಲೇ ಭಾರವೆಲ್ಲ ಬಿದ್ದು ಅದು ಬೇಗ ಹೋಗುತ್ತದೆ. ಹಾಗಾಗಿ ಮೂರು ಬೆಲ್ಟು ಇದ್ದರೆ ದಾಸ್ತಾನು ಮೂರಲ್ಲ, ಸೊನ್ನೆ ಎಂದೇ ಬರೆಯಿರಿ.

ಇಷ್ಟಾದ ಮೇಲೂ ಮಾಲೀಕರು ಸಾಫ್ಟ್‌ವೇರ್ ಬೇಕೇ ಬೇಕು ಎಂದರೆ, ಹಣ ಕೊಡುವ ಮುನ್ನ ಮಾರಾಟಕ್ಕೆ ಬಂದವರನ್ನು ನಿಮ್ಮ ಸ್ಟೋರಿನಲ್ಲೇ ಕೂರಿಸಿ, '22212 ಕೆ, ಎಚ್ 312 ಸ್ಲೀವ್ ಸಹಿತ, ಎರಡನೇ ಎಲಿವೇಟರ್, ಮೇಲಿನ ಶಾಫ್ಟ್, ಮೋಟಾರ್ ಬದಿ' ಎಂದು ಒಂದೇ ಸಾಲಿನಲ್ಲಿ ಟೈಪ್ ಮಾಡಿಸಿ. ಅಷ್ಟೂ ಹಿಡಿಯದಿದ್ದರೆ ಚಹಾ ಕೊಟ್ಟು ಕಳುಹಿಸಿ.