ಪಾಠದಲ್ಲಿ ಎಲ್ಲರ ಜೊತೆ, ಬಿಡುವಿನಲ್ಲಿ ಒಬ್ಬನೇ: ಏನು ಮಾಡಬಹುದು?

ನಿಮ್ಮ ತರಗತಿಯಲ್ಲಿರುವ ಆಟಿಸಂ ಇರುವ ಹುಡುಗನಿಗೆ ಪಾಠದಲ್ಲಿ ಎಲ್ಲರೂ ನೆರವಾಗುತ್ತಾರೆ, ಬಿಡುವಿನಲ್ಲಿ ಮಾತ್ರ ಅವನು ಒಬ್ಬನೇ ಉಳಿಯುತ್ತಾನೆ, ಏನು ಮಾಡಬಹುದು ಅಂತ ಕೇಳಿದ್ದೀರಿ. ಕಾರಣ ಬಹುಶಃ ಅವನ ನೆರವಿಗೆಂದು ಪಕ್ಕದಲ್ಲೇ ಇಡೀ ದಿನ ಕೂರುವ ಸಹಾಯಕಿ. ಒಂಟಿಯಾಗುವುದು ಬಿಡುವಿನಲ್ಲಿ ಮಾತ್ರ ಅಂದಿರಲ್ಲ, ಅದಕ್ಕೇ ಈ ಅನುಮಾನ. ದೊಡ್ಡವರೊಬ್ಬರು ಅಂಟಿಕೊಂಡೇ ಇದ್ದರೆ ಮಕ್ಕಳು ಅವನನ್ನು ಬಿಟ್ಟು ಅವರನ್ನೇ ಮಾತಾಡಿಸುತ್ತಾರೆ. "ಮಿಸ್, ಅವನಿಗೆ ಬಣ್ಣದ ಪೆನ್ಸಿಲ್ ಬೇಕಂತಾ?" ಅಂತ. ಒಂದೆರಡು ದಿನ ಸುಮ್ನೆ ಗಮನಿಸಿ.

ಹಾಗೇ ಆಗುತ್ತಿದ್ದರೆ ಮೊದಲು ಸಹಾಯಕಿಯ ಕುರ್ಚಿಯನ್ನು ಹಿಂದಕ್ಕೆ ಹಾಕಿಸಿ. ಮಕ್ಕಳು ಅವರನ್ನು ಕೇಳಿದರೆ "ಅವನನ್ನೇ ಕೇಳು" ಅನ್ನಲಿ, ಅಷ್ಟೇ. ಅವನು ಉತ್ತರ ಕೊಡಲು ತಡಮಾಡಿದರೆ ಬಾಯಿ ಹಾಕದೆ ಕಾಯಲಿ. ಕಷ್ಟ ಜಾಸ್ತಿ ಇರುವುದು ಇಲ್ಲೇ.

ಆಮೇಲೆ ಬಿಡುವಿನ ವಿಷಯ. ಓಡಿ ಹಿಡಿಯುವ ಆಟದ ನಿಯಮ ಕ್ಷಣಕ್ಕೊಂದು ಬದಲಾಗುತ್ತದೆ, ಅದರೊಳಗೆ ಅವನನ್ನು ತಳ್ಳಬೇಡಿ. ಅವನಿಗೆ ಇಷ್ಟವಾದದ್ದನ್ನೇ ಹಿಡಿದು ಸರದಿ ಪ್ರಕಾರ ಆಡುವ ಆಟವೊಂದನ್ನು ಇಡಿ. ರೈಲು ಇಷ್ಟವಿದ್ದರೆ ಹಳಿ ಜೋಡಿಸುವುದು, ಹೀಗೆ. ಅದೇ ಆಸಕ್ತಿ ಇರುವ ಇಬ್ಬರು ಮೂವರನ್ನು ಕರೆಯಿರಿ. "ಇವತ್ತು ಇವನನ್ನು ನೀನು ನೋಡಿಕೋ" ಅಂತ ಯಾರಿಗೂ ಪಾಳಿ ಹಾಕಬೇಡಿ. ಡ್ಯೂಟಿ ಅಂತ ಜೊತೆಗೆ ಕೂತವರು ಗೆಳೆಯರಾಗುವುದು ಕಷ್ಟ ಅಲ್ವಾ? ಅಂಕ ಬರೆಯುವ ಕೆಲಸ ಅವನಿಗೇ ಕೊಡಿ, ಬೇರೆಯವರು ಅವನನ್ನು ಕೇಳುವಂತಾಗಲಿ.

ಅವನಿಗೆ ಒಬ್ಬನೇ ಇರುವುದೇ ಬೇಕೋ ಏನೋ, ನಿಮ್ಮ ಪ್ರಶ್ನೆಯಿಂದ ತಿಳಿಯಲಿಲ್ಲ. ತರಗತಿಯ ಗಲಾಟೆಯ ನಂತರ ಕೆಲವು ಮಕ್ಕಳಿಗೆ ಹಾಗೆ ಒಬ್ಬರೇ ಇರುವುದು ಬೇಕೇ ಬೇಕು. ಅವನನ್ನೇ ಕೇಳಿ. ಮಾತು ಕಷ್ಟವಾದರೆ ಚಿತ್ರ ತೋರಿಸಿ ಆರಿಸಲು ಹೇಳಿ. ಒಬ್ಬನೇ ಇರಬೇಕು ಅಂದರೆ ಅರ್ಧ ಹೊತ್ತು ಆಟಕ್ಕಿಡಿ, ಉಳಿದರ್ಧ ಅವನ ಪಾಡಿಗೆ ಬಿಡಿ.