ಆರೈಕೆ ಕೇಂದ್ರದಲ್ಲಿ ಉಳಿದ ಔಷಧಿಗಳನ್ನು ಬೇರೆಯವರಿಗೆ ಕೊಡಬಹುದೇ?

ತಾಯಿಯವರು ತೀರಿಕೊಂಡ ಮೇಲೆ ಜಯನಗರದ ಆರೈಕೆ ಕೇಂದ್ರದವರು ಚೀಲ ತುಂಬ ಔಷಧಿಗಳನ್ನು ನಿಮ್ಮ ಕೈಗೆ ಕೊಟ್ಟರೆಂದೂ, ಅವನ್ನು ಅಂಗಡಿಗೆ ಹಿಂತಿರುಗಿಸಬಹುದೇ, ಇಲ್ಲವೇ ಅಲ್ಲಿರುವ ಅನುಕೂಲವಿಲ್ಲದ ಹಿರಿಯರಿಗೆ ಹಂಚಬಹುದೇ ಎಂದೂ ಕೇಳಿದ್ದೀರಿ. ಬೆಂಗಳೂರಿನ ಇಂಥದೇ ಕೇಂದ್ರವೊಂದರ ಔಷಧಿಗಳನ್ನು ನೋಡಿಕೊಳ್ಳುವ ಫಾರ್ಮಸಿಸ್ಟ್ ನಾನು. ನೀವಾಗಿಯೇ ಯಾರ ಕೈಗೂ ಮಾತ್ರೆ ಕೊಡಬೇಡಿ ಎಂದು ಮೊದಲು ಕೇಳಿಕೊಳ್ಳುತ್ತೇನೆ.

ಸ್ಟ್ರಿಪ್‌ಗಳನ್ನು ಒಂದೊಂದಾಗಿ ತಿರುಗಿಸಿ ನೋಡಿ. ಬ್ಯಾಚ್ ನಂಬರು ಮತ್ತು ಎಕ್ಸ್‌ಪೈರಿ ದಿನಾಂಕ ಎಷ್ಟೋ ಸ್ಟ್ರಿಪ್‌ಗಳಲ್ಲಿ ಒಂದು ತುದಿಯಲ್ಲಷ್ಟೇ ಅಚ್ಚಾಗಿರುತ್ತವೆ. ಅಂಗಡಿಯವರು ಕತ್ತರಿಸಿ ಕೊಟ್ಟಾಗ ಆ ತುದಿ ಹೋಗಿದ್ದರೆ, ಉಳಿದ ತುಂಡಿನ ಮೇಲೆ ಮಾತ್ರೆಯ ಹೆಸರು ಇದ್ದರೂ ಅದನ್ನು ಇನ್ನೊಬ್ಬರಿಗೆ ಕೊಡುವಂತಿಲ್ಲ. ಕತ್ತರಿಸದ ಸ್ಟ್ರಿಪ್ ಮತ್ತು ಬಿಲ್ಲು ಎರಡೂ ಇದ್ದರೆ ಮಾರಿದ ಮೆಡಿಕಲ್ ಶಾಪಿನವರನ್ನು ಕೇಳಿ ನೋಡಿ, ಕೆಲವರು ವಾಪಸು ತೆಗೆದುಕೊಳ್ಳುತ್ತಾರೆ. ಇನ್ಸುಲಿನ್ ಮಾತ್ರ ಬೇಡ. 2ರಿಂದ 8 ಡಿಗ್ರಿ ತಂಪಿನಲ್ಲಿರಬೇಕಾದ ಔಷಧಿ ಒಮ್ಮೆ ಹೊರಗೆ ಹೋಗಿ ಬಂದ ಮೇಲೆ ಅದರ ಗುಣಕ್ಕೆ ಯಾರೂ ಹೊಣೆಯಾಗಲಾರರು.

ನಿಜವಾದ ತೊಡಕು ಇರುವುದು ಇಲ್ಲಿಯೇ. ರೋಗಿಯ ಕೈಸೇರಿದ ಔಷಧಿಯನ್ನು ಎಲ್ಲಿ, ಹೇಗೆ ಇಟ್ಟಿದ್ದರೆಂದು ಹೇಳಲು ಬರುವುದಿಲ್ಲವಾದ್ದರಿಂದ, ಹೀಗೆ ಮರಳಿ ಬಂದದ್ದನ್ನು ದಾನವಾಗಿ ಕೊಡಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯೇ ಹೇಳುತ್ತದೆ. ಆದರೆ ಆರೈಕೆ ಕೇಂದ್ರದಲ್ಲಿ ಔಷಧಿ ಬೀಗ ಹಾಕಿದ ಕಪಾಟಿನಲ್ಲಿ, ಸಿಬ್ಬಂದಿಯ ಕೈಯಲ್ಲಿಯೇ ಇರುತ್ತದೆ. ಅಮೆರಿಕದ ಐಯೋವಾ ರಾಜ್ಯದಲ್ಲಿ 2007ರಿಂದ ನಡೆಯುತ್ತಿರುವ ಸೇಫ್‌ನೆಟ್‌ಆರ್‌ಎಕ್ಸ್ ಯೋಜನೆಯು ಇಂಥ ಕೇಂದ್ರಗಳಿಂದ ಸೀಲು ಒಡೆಯದ, ಅವಧಿ ಮುಗಿಯದ ಔಷಧಿಗಳನ್ನು ಪಡೆದು, ಫಾರ್ಮಸಿಸ್ಟರಿಂದ ಪರೀಕ್ಷಿಸಿ, ಬಡ ರೋಗಿಗಳಿಗೆ ತಲುಪಿಸುತ್ತಿದೆ. ಒಳ್ಳೆಯ ಮಾತ್ರೆಗಳು ಸುಡಲು ಕಳಿಸುವ ಚೀಲಕ್ಕೆ ಹೋಗುವುದನ್ನು ನೋಡುವಾಗಲೆಲ್ಲ, ಅಂಥ ಕಟ್ಟುನಿಟ್ಟಿನ ವ್ಯವಸ್ಥೆ ನಮ್ಮ ಊರಿಗೂ ಬರಲೇಬೇಕು ಎನಿಸುತ್ತದೆ. ಬಿ.ಪಿ. ಮಾತ್ರೆಗೆ ದುಡ್ಡಿಲ್ಲದೆ ಎರಡು ದಿನಕ್ಕೊಂದು ನುಂಗುವ ಹಿರಿಯರನ್ನು ನಾನು ಬಲ್ಲೆ.

ಉಳಿದದ್ದನ್ನು ಮನೆಯ ಹಸಿ ಕಸಕ್ಕೂ ಒಣ ಕಸಕ್ಕೂ ಸೇರಿಸದೆ ಕೇಂದ್ರದವರಿಗೇ ಒಪ್ಪಿಸಿ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳ ಪ್ರಕಾರ ಅದು ಸುಡಲು ಕಳಿಸುವ ತ್ಯಾಜ್ಯದ ಹಳದಿ ಚೀಲಕ್ಕೆ ಹೋಗಬೇಕು. ನಿಮಗೆ ಕೊಟ್ಟ ಚೀಲದಲ್ಲಿ ಪ್ರಬಲ ನೋವುನಿವಾರಕಗಳಾದ ಮಾರ್ಫಿನ್, ಟ್ರಮಡಾಲ್ ಅಥವಾ ಚರ್ಮಕ್ಕೆ ಅಂಟಿಸುವ ಫೆಂಟನಿಲ್ ಪ್ಯಾಚ್ ಇದ್ದರೆ ಒಂದು ದಿನವೂ ಮನೆಯಲ್ಲಿಟ್ಟುಕೊಳ್ಳಬೇಡಿ, ಮಕ್ಕಳ ಕೈಗೆ ಸಿಕ್ಕರೆ ಜೀವಕ್ಕೇ ಅಪಾಯ. ತೆರೆಯದ ಡಯಾಪರ್, ವಾಕರ್, ಗಾಲಿಕುರ್ಚಿಗಳಿಗೆ ಇಂಥ ಯಾವ ತೊಡಕೂ ಇಲ್ಲ; ಅವುಗಳನ್ನು ಅದೇ ಕೇಂದ್ರಕ್ಕೆ ಧಾರಾಳವಾಗಿ ಕೊಡಬಹುದು.